ಯಾತ್ರಿಕನಿಗೆ ಕಟ್ಟಿದ ರೊಟ್ಟಿ

ಮನೆಗೆ ಒಮ್ಮೆ ಬಂದುಹೋದವರು ಯಾರೇ ಆಗಲಿ, ನಮ್ಮತ್ತೆ ತಿರುಗಿ ಅವರ ಮನೆಗೆ ಹೋಗಲೇಬೇಕು, ಅದೂ ರೊಟ್ಟಿ ಕಟ್ಟಿಕೊಂಡು. ಬಾದಾಮಿಯಿಂದ ವಿಸಿಟ್ ವೀಸಾದಲ್ಲಿ ದುಬೈಗೆ, ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಫ್ಲ್ಯಾಟಿಗೆ ಬಂದಾಗಲೂ ಈ ಚಾಳಿ ಬಿಡಲಿಲ್ಲ. ಎ.ಸಿ. ರಿಪೇರಿಗೆ ಬಂದ ಪಠಾಣ ನಮ್ಮದೇ ಬಿಲ್ಡಿಂಗಿನವನು ಎಂದು ಗೊತ್ತಾದದ್ದೇ ತಡ, ಮರುದಿನ ಶೇಂಗಾ ಚಟ್ನಿ ಸಮೇತ ಅವನ ಬಾಗಿಲು ಬಡಿದರು. ಒಂದೇ ಕೋಣೆಯಲ್ಲಿದ್ದ ಅಷ್ಟೂ ಗಂಡಸರು ಗಾಬರಿಯಾಗಿ ಎದ್ದು ನಿಂತರಂತೆ. ನನ್ನ ಗಂಡ ಮಹೇಶ ರೇಗಿದ. ಅತ್ತೆ ನಕ್ಕುಬಿಟ್ಟರು. "ಇರ್ಲಿ ಬಿಡೋ. ತಿಂದ್ರು, ಡಬ್ಬಿ ತೊಳದು ಕೊಟ್ರು."

ಈದ್ ರಜೆಯಲ್ಲಿ ಮಹೇಶನ ಆಫೀಸಿನವರ ಜೊತೆ ಚೀನಾದ ಹಳೆಯ ರಾಜಧಾನಿ ಷಿಯಾನಿಗೆ ಹೋದೆವು. ಕೋಟೆಯ ಗೋಡೆ, ಗಂಟೆಯ ಗೋಪುರ ಎಲ್ಲ ನೋಡಿದೆವು. ಸಾಲುಸಾಲಾಗಿ ನಿಂತ ಮಣ್ಣಿನ ಸೈನಿಕರನ್ನು ಕಂಡು ಅತ್ತೆ, "ಒಬ್ಬನ ಮಾರಿ ಇನ್ನೊಬ್ಬಗ ಇಲ್ಲ ನೋಡು ಸುಮಾ, ಹಡದಾಕಿ ಬಂದ್ರ ಗುರ್ತು ಹಿಡಿತಾಳ," ಎಂದು ನನಗೆ ಹೇಳಿದರು. ಆದರೆ ಅವರ ಮನಸ್ಸೆಲ್ಲ ದೊಡ್ಡ ಪಗೋಡದ ಮೇಲಿತ್ತು. ಚಾಲುಕ್ಯರ ಕಾಲದಲ್ಲಿ ನಮ್ಮ ನಾಡಿಗೆ ಬಂದುಹೋದ ಚೀನೀ ಯಾತ್ರಿಕ, ತಾನು ತಂದ ಗ್ರಂಥಗಳನ್ನು ಇಟ್ಟಿದ್ದು ಅಲ್ಲಿಯೇ. ಎದುರಿಗೆ ಅವನ ಎತ್ತರದ ಪ್ರತಿಮೆಯಿದೆ. ಅತ್ತೆ ಅದರ ಬುಡದಲ್ಲಿ ಬಟ್ಟೆ ಹಾಸಿ ಖಡಕ್ ರೊಟ್ಟಿ, ಚಟ್ನಿ ಇಟ್ಟು ಕೈಮುಗಿದು ಗಟ್ಟಿಯಾಗಿ ಮಾತಾಡಿಸಿದರು.

"ಅಜ್ಜಾರ, ನೀವು ನಮ್ಮ ಕಡೆ ಬಂದು ಹೋದ್ರಿ. ತಿರುಗಿ ಬರಾಕ ನಮಗ ಭಾಳ ತಡಾ ಆತರಿ."

ಕಾವಲುಗಾರ ಸೀಟಿ ಊದುತ್ತಾ ಓಡಿಬಂದ. ಜನ ಮೊಬೈಲ್ ಹಿಡಿದು ಸುತ್ತುವರಿದರು. ಆಫೀಸಿನವರು ಕಿಸಕ್ಕನೆ ನಕ್ಕರು. ನಾನು ನಾಚಿಕೆಯಿಂದ ಬೇರೆ ಕಡೆ ಮುಖ ತಿರುಗಿಸಿದೆ. ತಿರುಗಿ ನೋಡುವಷ್ಟರಲ್ಲಿ ಮಹೇಶ ಬಟ್ಟೆ ಸಮೇತ ರೊಟ್ಟಿಯನ್ನು ಬಾಚಿ ಕಸದ ಡಬ್ಬಕ್ಕೆ ಹಾಕುತ್ತಿದ್ದ. "ಖಲಾಸ್! ಮಾನ ಕಳದಿ ಅವ್ವಾ. ಬಸ್ಸಿಗೆ ನಡಿ." ಅತ್ತೆ ಸೆರಗು ಸರಿಮಾಡಿಕೊಂಡು ನಡೆದರು. ಬಸ್ಸಿನಲ್ಲಿ ಅವರ ಪಕ್ಕ ಕೂತಾಗ ಮಹೇಶನ ಬಗ್ಗೆ, ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

ದುಬೈಗೆ ಮರಳಿದ ಮೇಲೆ ಅತ್ತೆ ಎಲ್ಲದಕ್ಕೂ ಅಪ್ಪಣೆ ಕೇಳತೊಡಗಿದರು. "ಬಾಲ್ಕನ್ಯಾಗ ಸೀರಿ ಒಣಾ ಹಾಕ್ಲೇನು? ಲಿಫ್ಟಿನ್ಯಾಗ ಯಾರರ ನಕ್ರ ನಾನೂ ನಗಬಹುದೇನು?" ವ್ಯಂಗ್ಯವಲ್ಲ, ನಿಜವಾಗಿಯೇ ಕೇಳುತ್ತಿದ್ದರು. "ಅವ್ವ ಈಗ ಇಲ್ಲಿಗೆ ಹೊಂದಿಕೊಂಡ್ಲು," ಎಂದು ಮಹೇಶ ಸಮಾಧಾನಪಟ್ಟ. ನಾನು ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತಿದ್ದೆ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ವೀಸಾ ಮುಗಿದು ಊರಿಗೆ ಹೊರಟ ದಿನ, ವಿಮಾನ ನಿಲ್ದಾಣದಲ್ಲಿ. ಬೆಂಚಿನ ಮೇಲೆ ಒಬ್ಬಳೇ ಕೂತ ಹುಡುಗಿಯೊಬ್ಬಳು ಫೋನಿನಲ್ಲಿ "ಅವ್ವಾ, ಅವ್ವಾ" ಎಂದು ಬಿಕ್ಕುತ್ತಿದ್ದಳು. ಅತ್ತೆ ಅವಳತ್ತ ಹೆಜ್ಜೆ ಇಟ್ಟವರು ತಟ್ಟನೆ ನಿಂತು ನನ್ನ ಮುಖ ನೋಡಿದರು.

"ಮಾತಾಡಸ್ಲೇನು ಸುಮಾ? ನಿಮಗ ನಾಚಿಕಿ ಆಗೂದಿಲ್ಲಲಾ?"

ನಾನು ಮುಂದೆ ಹೋಗುತ್ತಿದ್ದ ಮಹೇಶನತ್ತ ನೋಡಿದೆ. ಅತ್ತೆ ಒಂದು ಕ್ಷಣ ಕಾದರು. ಆಮೇಲೆ ಆ ಹುಡುಗಿಯನ್ನು ದಾಟಿಕೊಂಡು, ಟ್ರಾಲಿ ತಳ್ಳುತ್ತಿದ್ದ ಮಗನ ಹಿಂದೆ ನಡೆದುಬಿಟ್ಟರು.