ನಾಲ್ವರು ಅಧ್ಯಕ್ಷರು ಮತ್ತು ಉಮ್ ನಸ್ರಿಯ ನೀರು

ಮೂಸಿ ನೋಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ ಉಮ್ ನಸ್ರಿ. ಕಟುಕನ ಅಂಗಡಿಯ ಮಾಂಸ, ಬೇಕರಿಯ ರೊಟ್ಟಿ, ಔಷಧದಂಗಡಿಯ ಸಿರಪ್ಪು, ಕೊನೆಗೆ ಪಾದ್ರಿಗಳು ಕಳಿಸಿದ ಪವಿತ್ರ ಎಣ್ಣೆಯ ಶೀಸೆ ಕೂಡ ಮೊದಲು ಅವಳ ಮೂಗಿನಡಿ ಹಾದು ಬರಬೇಕು. "ಮದುವೆ ದಿನ ಜುಬ್ರಾನನ್ನೂ ಮೂಸಿ ನೋಡೇ ಒಳಗೆ ಬಿಟ್ಕೊಂಡ್ಳಂತೆ" ಎಂದು ಬೆತ್ಲೆಹೆಮಿನ ನಮ್ಮ ಓಣಿಯ ಹೆಂಗಸರು ನಗುತ್ತಿದ್ದರು. ಜುಬ್ರಾನ್ ಅವಳ ಗಂಡ. ಅವನೂ ಆ ಮಾತಿಗೆ ನಗುತ್ತಿದ್ದ.

ಅವಳ ಸ್ವಂತ ಹೆಸರು ಝರೀಫ. ಹಿರಿಮಗ ನಸ್ರಿ ಹುಟ್ಟಿದ ಮೇಲೆ, ಎಲ್ಲ ತಾಯಂದಿರಿಗೂ ಆಗುವಂತೆ, ಆ ಹೆಸರು ಮೂಲೆಗೆ ಬಿತ್ತು. ಉಮ್ ನಸ್ರಿ, ನಸ್ರಿಯ ತಾಯಿ, ಎಂದೇ ಆಯಿತು. ಕಿಟಕಿ ಪಕ್ಕ ಕೂತು ಆಲಿವ್ ಮರದ ಮಣಿ ಪೋಣಿಸಿ, ಯಾತ್ರಿಕರ ಅಂಗಡಿಗಳಿಗೆ ಜಪಸರ ಮಾಡಿಕೊಡುವುದು ಅವಳ ಕಸುಬು. ಅವಳ ಸಂಶಯ ಹುಟ್ಟುಗುಣ ಎಂದು ಜನ ಅಂದುಕೊಂಡಿದ್ದಾರೆ. ತಪ್ಪು. ಅದನ್ನು ಸಾಕಿ ಸಲಹಿದವರು ಅಮೆರಿಕದ ಅಧ್ಯಕ್ಷರು.

ಅವಳ ಮನೆ ಮಾಡಿದ ಪಾಪ ಇಷ್ಟೇ. ಚರ್ಚಿನ ಚೌಕಕ್ಕೆ ಹೋಗುವ ರಸ್ತೆ ತಿರುಗುವ ಕಡೆ ಎತ್ತರದಲ್ಲಿ ನಿಂತಿದೆ. ಅದರ ತಾರಸಿಯಿಂದ ಇಡೀ ರಸ್ತೆ ಅಂಗೈಯಷ್ಟು ಚೆನ್ನಾಗಿ ಕಾಣುತ್ತದೆ. ಹಾಗಾಗಿ ಅಧ್ಯಕ್ಷ ಊರಿಗೆ ಕಾಲಿಡುವ ಮೊದಲು ಕಾವಲಿನವರು ಅವಳ ತಾರಸಿಗೆ ಕಾಲಿಡುತ್ತಿದ್ದರು.

ಮೊದಲನೆಯವನು ಬಂದಾಗ ಜುಬ್ರಾನ್ ಇದ್ದ. ಓಣಿಯ ಮಕ್ಕಳೆಲ್ಲ ನಮ್ಮದೂ ಅಮೆರಿಕದ್ದೂ ಎರಡೂ ಬಾವುಟ ಹಿಡಿದು ನಿಂತಿದ್ದರು. "ಇನ್ನು ಎಲ್ಲಾ ಸರಿಹೋಗುತ್ತೆ ಕಣೇ" ಎಂದು ಜುಬ್ರಾನ್ ಹೆಂಡತಿಗೆ ಹೇಳಿದ, ಅವಳು ನಂಬಿದಳು. ಅವತ್ತೊಂದು ದಿನದ ಮಟ್ಟಿಗೆ ಎಂದು ಹೇಳಿ ಕಾವಲಿನವರು ತಾರಸಿಯ ಟಿ.ವಿ. ಆಂಟೆನಾ ಕಳಚಿಕೊಂಡು ಹೋದರು. ಅದು ಮರಳಿ ಬರಲಿಲ್ಲ. ತಮ್ಮ ಮನೆ ಮುಂದೆಯೇ ಹಾದುಹೋದ ಮೆರವಣಿಗೆಯನ್ನು ಗಂಡ ಹೆಂಡತಿ ಪಕ್ಕದ ಮನೆಯ ಟಿ.ವಿ.ಯಲ್ಲಿ ನೋಡಿದರು.

ಎರಡನೆಯವನು ಬರುವ ಹೊತ್ತಿಗೆ ನಾವು ಆಚೆ ಹೋಗದಂತೆ ಊರ ಸುತ್ತ ಸೈನ್ಯದ ಎತ್ತರದ ಗೋಡೆ ಎದ್ದಿತ್ತು. ಬಾವುಟ ಹಿಡಿದಿದ್ದ ಮಕ್ಕಳಿಗೆ ಮೀಸೆ ಬಂದಿತ್ತು, ನಗು ಹೋಗಿತ್ತು. ಈ ಸಲ ಕಣ್ಣಿಗೆ ಬಿದ್ದದ್ದು ಜುಬ್ರಾನನ ಪಾರಿವಾಳಗಳು. ಹೆಲಿಕಾಪ್ಟರಿಗೆ ಅಡ್ಡ ಬರುತ್ತವೆಂದು ಗೂಡು ತೆರೆದು ಓಡಿಸಿದರು. "ಪಾರಿವಾಳ ಅಲ್ವಾ ಯಜಮಾನ್ರೇ, ಗೂಡಿಗೆ ತಾವೇ ಬರ್ತವೆ" ಎಂದು ಸಮಾಧಾನ ಬೇರೆ ಹೇಳಿದರು. ಕೆಲವು ಬಂದವು. ಉಳಿದವಕ್ಕಾಗಿ ಜುಬ್ರಾನ್ ಸಂಜೆಯಾದರೆ ತಾರಸಿಯ ಮೇಲೆ ನಿಂತು ಸಿಳ್ಳೆ ಹಾಕುತ್ತಿದ್ದ. ಸಾಯುವ ವರ್ಷದವರೆಗೂ ಹಾಕಿದ. ಅವನ ಮೇಲಿನ ಪ್ರೀತಿಗೆ ಉಮ್ ನಸ್ರಿ ಏನೂ ಅನ್ನುತ್ತಿರಲಿಲ್ಲ, ಆದರೆ ಆ ಸಿಳ್ಳೆ ಕೇಳಿದಾಗಲೆಲ್ಲ ಒಳಗೊಳಗೇ ಅಧ್ಯಕ್ಷನನ್ನು ಶಪಿಸುತ್ತಿದ್ದಳು.

ಮೂರನೆಯವನ ಕಾವಲಿನವರು ಏನನ್ನೂ ಒಯ್ಯಲಿಲ್ಲ. ಅವಳಿಗೆ ಅದೇ ದೊಡ್ಡ ಗುಮಾನಿ. ವಾರ ಕಳೆದು ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟಾಗ ನಸ್ರಿ ಮೇಲೆ ಹತ್ತಿ ನೋಡಿದ. ತಪಾಸಣೆಗೆಂದು ನೀರಿನ ಟ್ಯಾಂಕಿನ ಮುಚ್ಚಳ ತೆಗೆದವರು ಮುಚ್ಚಿರಲಿಲ್ಲ. ಒಳಗೆ ಗುಬ್ಬಚ್ಚಿಯೊಂದು ಸತ್ತು ತೇಲುತ್ತಿತ್ತು. ಅವತ್ತೇ ಟ್ಯಾಂಕುಗಳಿಗೆ ಬೀಗ ಬಿತ್ತು. ಬೀಗದ ಕೈ ಅವಳ ಕೊರಳಿನ ಶಿಲುಬೆಯ ಪಕ್ಕ ಸೇರಿತು.

"ಉಂಡೂ ಹೋದ ಕೊಂಡೂ ಹೋದ ಅನ್ನೋದು ಕೇಳಿದೀನಿ. ಇವರು ಒಂದು ಬಟ್ಟಲು ಕಾಫಿ ಸಹಿತ ಮುಟ್ಟಲ್ಲ, ಕೊಂಡು ಮಾತ್ರ ಹೋಗ್ತಾರಲ್ಲೇ!" ಎಂದು ಸೊಸೆ ಹಿಲ್ಡಾಗೆ ಹೇಳುತ್ತಿದ್ದಳು.

ನಾಲ್ಕನೆಯವನು ಬಂದದ್ದು ಬಿರುಬೇಸಿಗೆಯಲ್ಲಿ. ಆ ದಿನಗಳಲ್ಲಿ ನಮ್ಮ ನಲ್ಲಿಗೆ ನೀರು ಬರುವುದು ಯಾವಾಗಲೋ ಒಮ್ಮೆ. ಬಂದಾಗ ತಾರಸಿಯ ಕಪ್ಪು ಟ್ಯಾಂಕುಗಳಲ್ಲಿ ತುಂಬಿಕೊಂಡು ಮೂರು ವಾರ ಅದರಲ್ಲೇ ಬದುಕಬೇಕು. ಹಿಲ್ಡಾ ಆಗ ಹಸಿ ಬಾಣಂತಿ. ಕೂಸಿಗೆ ತಾತನ ಹೆಸರೇ, ಜುಬ್ರಾನ್ ಎಂದೇ, ಇಟ್ಟಿದ್ದರು. ಟ್ಯಾಕ್ಸಿ ಓಡಿಸುವ ನಸ್ರಿ ರಸ್ತೆ ಮುಚ್ಚಿದ್ದರಿಂದ ಪಕ್ಕದ ಊರು ಹೆಬ್ರಾನಿನಲ್ಲೇ ಸಿಕ್ಕಿಕೊಂಡಿದ್ದ. ಅಧ್ಯಕ್ಷ ಬರುವ ಮುನ್ನಾದಿನ ಬೆಳಗ್ಗೆ ಪುಣ್ಯಕ್ಕೆ ನೀರು ಬಂತು. ಟ್ಯಾಂಕುಗಳು ಕಂಠದವರೆಗೆ ತುಂಬಿದವು. ಉಮ್ ನಸ್ರಿ ಬೀಗ ಹಾಕಿ, ಎಳೆದು ನೋಡಿ, ಇಳಿದು ಬಂದಳು.

ಅವಳು ಕೆಳಗೆ ಬರುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಬಂದವನು ಪರದೇಶದವನಲ್ಲ, ನಮ್ಮ ಕಡೆಯ ಭದ್ರತೆಯ ಅಧಿಕಾರಿ ಮುಂತಸಿರ್. ಕಣಿವೆಯಾಚೆಯ ಹಳ್ಳಿಯವನು, ಬಿಸಿಲಿಗೆ ಮುಖ ಕೆಂಪಾಗಿತ್ತು.

"ದೊಡ್ಡಮ್ಮ, ಒಂದು ಮಾತಿತ್ತು."

"ಒಳಗೆ ಬಂದು ಆಡಪ್ಪ. ಹೊಸಿಲಲ್ಲಿ ನಿಂತು ಮಾತಾಡಿದ್ರೆ ನೋಡಿದೋರು ಏನಂದ್ಕೋತಾರೆ?"

ಕೂತ. ಅವಳು ಏಲಕ್ಕಿ ಹಾಕಿ ಕಾಫಿ ಕುದಿಸಿ ತಂದಿಟ್ಟಳು. ಅವನು ಬಟ್ಟಲನ್ನು ನೋಡಿದ, ಮುಟ್ಟಲಿಲ್ಲ. ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತ.

ಬಂದವನು ಕಾಫಿ ಮುಟ್ಟದೆ ಕೂತರೆ ಅವನ ಹೊಟ್ಟೆಯಲ್ಲಿ ಬೇಡಿಕೆಯೊಂದಿದೆ ಎಂದೇ ನಮ್ಮಲ್ಲಿ ಅರ್ಥ. ಹೆಣ್ಣು ಕೇಳಲು ಬಂದವರು, ಕೊಲೆಯ ಹಗೆಯನ್ನು ರಾಜಿ ಮಾಡಿಸಲು ಬಂದ ಹಿರಿಯರು ಹಾಗೆ ಕೂರುತ್ತಾರೆ. ಮನೆಯವರು "ಕುಡಿ, ಕೊಟ್ಟೆ" ಎಂದ ಮೇಲೇ ಬಟ್ಟಲು ತುಟಿಗೆ ಹೋಗುವುದು. ಆಡಿದ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡವರ ಮನೆಯಲ್ಲಿ ಆಮೇಲೆ ಯಾರೂ ಕಾಫಿ ಕುಡಿಯುವುದಿಲ್ಲ.

ಉಮ್ ನಸ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವನಿಗೆ ಬೇಕಾದದ್ದು ತಾರಸಿ. ಇಲ್ಲ ಅಂದರೂ ಹತ್ತೇ ಹತ್ತುತ್ತಾರೆ. ಕೇಳುವ ಮೊದಲೇ ಧಾರಾಳವಾಗಿ ಕೊಟ್ಟುಬಿಟ್ಟರೆ ಮನೆಯ ಮರ್ಯಾದೆಯೂ ಉಳಿಯಿತು, ಕೂತು ಕೆದಕುವುದೂ ತಪ್ಪಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಕುಡಿಯಪ್ಪ. ಕೇಳೋದೇ ಬೇಡ, ಕೊಟ್ಟೆ."

ಮುಂತಸಿರ್ ಬೆಚ್ಚಿದವನಂತೆ ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ.

"ತಾರಸಿ ಬೀಗದ ಕೈ ಅಗೋ, ಮೊಳೇಲಿದೆ."

"ತಾರಸೀದೂ ಬೇಕು ದೊಡ್ಡಮ್ಮ. ಟ್ಯಾಂಕಿಂದೂ ಬೇಕು. ಖಾಲಿ ಮಾಡ್ಬೇಕು."

"ಏನು?"

"ರಸ್ತೆ ಕಡೆ ಇರೋ ಎತ್ತರದ ಮನೆ ಇದೊಂದೇ. ಟ್ಯಾಂಕಿನೊಳಗೆ ಏನಾದ್ರೂ ಬಚ್ಚಿಟ್ಟಿರಬಹುದು ಅಂತ ಅಮೆರಿಕದವರಿಗೆ ಅನುಮಾನ."

ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಹಿಲ್ಡಾ, "ಅತ್ತೆ, ಕೂಸಿಗೆ?" ಎಂದಳು. ಅಷ್ಟೇ ಅಂದದ್ದು.

ಉಮ್ ನಸ್ರಿಗೆ ಮೈಯೆಲ್ಲ ಉರಿಯಿತು. ಜೀವಮಾನವೆಲ್ಲ ಮಜ್ಜಿಗೆಯನ್ನೂ ಊದಿ ಕುಡಿದವಳು, ಇವತ್ತು ಬಿಸಿ ಹಾಲನ್ನೇ ಗಟಗಟ ಕುಡಿದುಬಿಟ್ಟಿದ್ದಳು. "ನೀನು ಈಗ ಕುಡಿದದ್ದು ಯಾವ ನೀರಿನ ಕಾಫಿ? ಅದೇ ಟ್ಯಾಂಕಿಂದು. ಸತ್ತೆಯಾ? ಹೋಗಿ ಹೇಳು ಅವರಿಗೆ, ಕುಡಿದು ನೋಡಿದೆ, ಸಾಯ್ಲಿಲ್ಲ ಅಂತ!"

"ನನ್ನ ಕೈಲಿ ಏನೂ ಇಲ್ಲ ದೊಡ್ಡಮ್ಮ."

ಕೊಟ್ಟೆ ಎಂದ ಮಾತು ಕೇಳಿಸಿಕೊಂಡವರು ಆ ಮನೆಯಲ್ಲಿದ್ದ ಮೂರೇ ಜನ. ಇಲ್ಲ ಎಂದಿದ್ದರೆ ಓಣಿಗೆ ತಿಳಿಯುತ್ತಿರಲಿಲ್ಲ. ಅವಳು ಕೊರಳಿನಿಂದ ದಾರ ತೆಗೆದು ಬೀಗದ ಕೈಯನ್ನು ಅವನ ಖಾಲಿ ಬಟ್ಟಲೊಳಗೆ ಹಾಕಿದಳು.

"ತಗೊಂಡು ಹೋಗು. ಕೊಟ್ಟ ಮಾತು ಮರೆಯೋಕೆ ನಾನೇನು ಅಧ್ಯಕ್ಷೆಯಾ?"

ಹಿಲ್ಡಾ ಕೊಡ, ಪಾತ್ರೆ, ಹೂಜಿ, ಕೊನೆಗೆ ಕಾಫಿ ಬಟ್ಟಲುಗಳನ್ನೂ ತುಂಬಿಸಿಕೊಂಡಳು. ತಾರಸಿ ಹತ್ತಿದ್ದ ಕಾವಲಿನವರಿಗೆ ಅವಸರ. ಉಳಿದ ನೀರು ತಾರಸಿಯ ಕೊಳವೆಯಿಂದ ಓಣಿಗೆ ಸುರಿಯಿತು. ಕೆಳಮನೆಯ ಹೆಂಗಸರು ಬಕೆಟ್ ಹಿಡಿದು ಓಡಿಬಂದರು. "ಕಳ್ಳಿಯರಾ!" ಎಂದು ಉಮ್ ನಸ್ರಿ ಕಿಟಕಿಯಿಂದ ಕೂಗಿದಳು, ಅಭ್ಯಾಸಬಲ. ಮರುಕ್ಷಣ, "ಹಿಡ್ಕೊಳ್ರೇ, ಮೋರಿಗೆ ಹೋಗೋದಕ್ಕಿಂತ ವಾಸಿ" ಎಂದು ಕಿಟಕಿ ಮುಚ್ಚಿದಳು.

ಮಾರನೆಯ ದಿನ ಕಪ್ಪು ಕಾರುಗಳ ಸಾಲು ಹೋಯಿತು. ಎಲ್ಲವೂ ಒಂದೇ ಥರ, ಎಲ್ಲಕ್ಕೂ ಕಪ್ಪು ಗಾಜು. ಅಧ್ಯಕ್ಷ ಯಾವುದರಲ್ಲಿದ್ದ, ಇದ್ದನೋ ಇಲ್ಲವೋ, ಯಾರು ಕಂಡರು.

ಪಾತ್ರೆಗಳ ನೀರು ಎಷ್ಟು ದಿನ ಬಂದೀತು? ಹೆಬ್ರಾನಿನಿಂದ ಮರಳಿದ ನಸ್ರಿ ಟ್ಯಾಕ್ಸಿ ಬಿಟ್ಟು ಬೆನ್ನು ಹತ್ತಿದರೂ ನೀರಿನ ಲಾರಿಯವನು ಇವತ್ತು ನಾಳೆ ಎಂದು ಆಟವಾಡಿಸಿದ. ಕೂಸಿನ ಕತ್ತು, ಕಂಕುಳೆಲ್ಲ ಬೆವರುಸಾಲೆ ಎದ್ದು ಅದು ಹಗಲೆಲ್ಲ ಅಳತೊಡಗಿತು. ಹಿಲ್ಡಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತ ತಾನೂ ಅಳುತ್ತಿದ್ದಳು. ಓಣಿಯವರ ಬಾಗಿಲು ಬಡಿದು ನೀರು ಕೇಳಲು ಉಮ್ ನಸ್ರಿಗೆ ಬಾಯಿ ಬರಲಿಲ್ಲ. ಅಷ್ಟೂ ಮನೆಗಳನ್ನು ಒಂದಲ್ಲ ಒಂದು ದಿನ ನೀರು ಕದ್ದವರೆಂದು ಬೈದಿದ್ದಳಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ತರಕಾರಿ ಗಾಡಿಯೊಂದು ಬಂದು ಬಾಗಿಲಲ್ಲಿ ನಿಂತಿತು. ಕಸೂತಿಯ ನಿಲುವಂಗಿ ತೊಟ್ಟ ಹಳ್ಳಿ ಮುದುಕಿ ಇಳಿದಳು. ಗಾಡಿಯವನು ನೀರಿನ ನಾಲ್ಕು ಪ್ಲಾಸ್ಟಿಕ್ ಕ್ಯಾನುಗಳನ್ನು ಹೊಸಿಲ ಹತ್ತಿರ ಇಳಿಸಿದ.

"ಯಾರಮ್ಮ ನೀನು?"

"ಫಿದ್ದಾ ಅಂತ. ಮುಂತಸಿರನ ತಾಯಿ."

ಉಮ್ ನಸ್ರಿ ಒಂದು ಕ್ಯಾನಿನ ಮುಚ್ಚಳ ತಿರುಗಿಸಿ ಮೂಗಿಟ್ಟಳು. ಕಲ್ಲಿನ ವಾಸನೆ. "ಎಲ್ಲಿಯ ನೀರು?"

"ನಮ್ಮ ಅಂಗಳದ ತೊಟ್ಟಿದು, ಮಳೆನೀರು."

"ತೊಟ್ಟಿ ತೊಳೆದದ್ದು ಯಾವಾಗ?"

"ನಿನ್ನ ಮೂಗಿನ ವಿಷಯ ಮಗ ಹೇಳಿರ್ಲಿಲ್ಲ" ಎಂದಳು ಫಿದ್ದಾ. "ಹೋದ ಮಾಗೀಲಿ ತೊಳೆದದ್ದು ಕಣಮ್ಮ."

ಮಗ ಬಂದು ನೀರು ಚೆಲ್ಲಿದ, ತಾಯಿ ಬಂದು ನೀರು ತಂದಳು. ಪುಕ್ಕಟೆ ಯಾರು ಕೊಡುತ್ತಾರೆ? ಉಮ್ ನಸ್ರಿ ಒಳಗೆ ಕೂರಿಸಿದಳು. ಕಾಫಿಗೆ ನೀರಿಟ್ಟಳು, ಬೇಕೆಂದೇ ಆ ಕ್ಯಾನಿನ ನೀರನ್ನೇ ಇಟ್ಟಳು. ತಂದವಳು ಮೊದಲು ಕುಡಿಯಲಿ, ಕೂಸಿಗೆ ಮುಟ್ಟಿಸುವುದು ಆಮೇಲೆ.

ಫಿದ್ದಾ ಬಟ್ಟಲು ತೆಗೆದುಕೊಂಡಳು, ಮುಂದಿಟ್ಟುಕೊಂಡಳು, ಕೈ ಕಟ್ಟಿ ಕೂತಳು.

ಉಮ್ ನಸ್ರಿ ಎದ್ದು ನಿಂತಳು. "ಹಿಲ್ಡಾ! ಆ ನೀರು ಮುಟ್ಟಬೇಡ! ತಂದವಳೇ ಕುಡೀತಿಲ್ಲ ನೋಡು!"

ಫಿದ್ದಾಳ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿಬಿಡುತ್ತಾಳೆ ಎಂದುಕೊಳ್ಳುವಷ್ಟರಲ್ಲಿ, ಕ್ಯಾನಿನ ಹತ್ತಿರ ಹೋಗಿ, ಬೊಗಸೆಯಲ್ಲಿ ನೀರು ಬಗ್ಗಿಸಿಕೊಂಡು ಕುಡಿದಳು. ಗದ್ದ ಒರೆಸಿಕೊಂಡು ಮತ್ತೆ ಬಂದು ಅದೇ ಬಟ್ಟಲಿನ ಮುಂದೆ ಕೂತಳು.

"ನೀರು ಕುಡಿದೆ. ಕಾಫಿ ಮಾತ್ರ ಮುಟ್ಟಲ್ಲ. ಬೇಡೋಕೆ ಬಂದಿದೀನಿ."

ಉಮ್ ನಸ್ರಿ ತಲೆ ತಗ್ಗಿಸಿದಳು. ಆದರೂ ನಾಲಿಗೆ ಬಿಗಿಯಾಗಿಯೇ ಇತ್ತು. "ಏನು ಬೇಕು ಹೇಳು. ಈ ಸಲ ಕೇಳದೆ ಕೊಡಲ್ಲ. ಹೋದ ಸಲ ನಿನ್ನ ಮಗ ಹೀಗೇ ಕೂತಿದ್ದ."

"ಅವನು ಬೇಡೋಕೆ ಹಾಗೆ ಕೂತಿರ್ಲಿಲ್ಲ ಕಣಮ್ಮ. ರಸ್ತೆ ಪಕ್ಕದ ಮನೆಗಳಲ್ಲಿ ಏನೂ ಕುಡೀಬಾರದು ಅಂತ ಅವನಿಗೆ ಅಪ್ಪಣೆ. ವಿಷ ಹಾಕಿರ್ತಾರಂತೆ."

"ನನ್ನ ಕಾಫೀಲಿ ವಿಷನಾ!" ಎಂದು ಅರಚಿದವಳಿಗೆ, ತಾನು ಈಗಷ್ಟೇ ಸೊಸೆಗೆ ಏನು ಕೂಗಿ ಹೇಳಿದೆ ಎಂಬುದು ನೆನಪಾಗಿ ಬಾಯಿ ಅಲ್ಲಿಗೇ ನಿಂತಿತು.

"ನೀನು ಕೊಟ್ಟೆ ಅಂದ ಮೇಲೆ ಕುಡೀದೇ ಇರೋಕೆ ಅವನಿಂದ ಆಗ್ಲಿಲ್ಲ" ಎಂದಳು ಫಿದ್ದಾ. "ಕುಡಿದ, ಆಮೇಲೆ ಬಾಣಂತಿ ಮನೆ ನೀರು ಚೆಲ್ಲಿದ. ಅವತ್ತಿಂದ ನಮ್ಮನೇಲಿ ಕಾಫಿ ಮುಟ್ಟಿಲ್ಲ. ಬಟ್ಟಲು ಕಂಡ್ರೆ ಎದ್ದು ಹೋಗ್ತಾನೆ. ಇನ್ನೊಬ್ಬ ಅಧ್ಯಕ್ಷ ಬರ್ತಾನೆ, ಬರದೇ ಇರ್ತಾನಾ? ಆಗ ನನ್ನ ಮಗ ನಿನ್ನ ಬಾಗಿಲಿಗೆ ಬಂದ್ರೆ ಕಾಫಿ ಕೊಡಬೇಡ. ನನ್ನ ಬೇಡಿಕೆ ಇಷ್ಟೇ."

ಆಂಟೆನಾ ಕೇಳಿದವರಿದ್ದರು, ಗೂಡು ಕೇಳಿದವರಿದ್ದರು, ನೀರು ಕೇಳಿದವರಿದ್ದರು. ಕೊಡಬೇಡ ಎಂದು ಕೇಳಿಕೊಂಡು ಯಾರೂ ಅವಳ ಬಾಗಿಲಿಗೆ ಬಂದಿರಲಿಲ್ಲ. ಇದರಲ್ಲಿ ಏನು ಒಳಸಂಚಿರಬಹುದು ಎಂದು ಉಮ್ ನಸ್ರಿ ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ. ಒಳಗಿನ ಕೋಣೆಯಲ್ಲಿ ಕೂಸು ಅಳುತ್ತಿತ್ತು.

"ಅದು ನನ್ನಿಂದಾಗಲ್ಲ ಫಿದ್ದಾ. ಬಾಗಿಲಿಗೆ ಬಂದೋನಿಗೆ ಕಾಫಿ ಇಲ್ಲ ಅಂದ್ರೆ ನಾನು ಇಲ್ಲಿಯವಳೇ ಅಲ್ಲ. ಬೇರೆ ಏನಾದ್ರೂ ಕೇಳು."

ಫಿದ್ದಾ ಆರುತ್ತಿದ್ದ ಬಟ್ಟಲನ್ನೇ ನೋಡಿದಳು. "ಹಾಗಾದ್ರೆ ಕಾಫಿ ಕೊಡು. ಆದ್ರೆ ಕೇಳೋ ಮೊದಲೇ ಕೊಟ್ಟೆ ಅನ್ನಬೇಡ. ಕೂಸಿನ ನೀರು ಚೆಲ್ಲೋಕೆ ಬಂದಿದೀನಿ ಅಂತ ಅವನ ಬಾಯಲ್ಲೇ ಬರಲಿ. ನನ್ನ ಮಗನ್ನ ನಾನು ಬಲ್ಲೆ. ಮನಸ್ಸಲ್ಲಿಟ್ಕೊಂಡು ಮಾಡಿಬಿಡ್ತಾನೆ. ಬಾಯಿಬಿಟ್ಟು ಹೇಳು ಅಂದ್ರೆ ಅವನಿಂದ ಆಗಲ್ಲ, ಚೆಲ್ಲದೇ ತಿರುಗಿ ಹೋಗ್ತಾನೆ."

ಉಮ್ ನಸ್ರಿಯ ಕಣ್ಣು ತುಂಬಿ ಬಂತು. ಯಾಕೆ ಎಂದು ಅವಳಿಗೂ ತಿಳಿಯಲಿಲ್ಲ. ತಿಳಿಯದ್ದಕ್ಕೆ ಸಿಟ್ಟೂ ಬಂತು.

"ಕೊಟ್ಟೆ. ಕುಡಿ."

ಫಿದ್ದಾ ಬಟ್ಟಲಿಗೆ ಕೈ ಹಾಕಿದಳು. ಉಮ್ ನಸ್ರಿ ಅದನ್ನು ಕಿತ್ತುಕೊಂಡಳು. "ತಡಿ, ಅದು ಆರಿಹೋಗಿದೆ. ಬಿಸಿ ಮಾಡ್ತೀನಿ. ಹಿಲ್ಡಾ, ಆ ಕ್ಯಾನ್ ಒಳಗೆ ತಗೊಂಡು ಹೋಗಿ ಕೂಸಿಗೆ ಸ್ನಾನ ಮಾಡಿಸು, ಕುತ್ತಿಗೆ ಸಂದಿ ಚೆನ್ನಾಗಿ ತೊಳಿ."

ಹೊಸ ಕಾಫಿ ಕುದಿಯಿತು. ಒಳಗೆ ನೀರು ಸುರಿಯುವ ಸದ್ದಿನ ಜೊತೆ ಕೂಸಿನ ಅಳು ನಿಂತಿತು. ಫಿದ್ದಾ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದಳು. ಉಮ್ ನಸ್ರಿ ತನಗೂ ಒಂದು ಬಟ್ಟಲು ಬಗ್ಗಿಸಿಕೊಂಡು ಎದುರಿಗೆ ಕೂತಳು. ಮೂಸಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಮೂಸಿದಳು. ಆಮೇಲೆ ಕುಡಿದಳು.