ಅಪ್ಪನ ಬೈಕ್ ಮಲಗುತ್ತಿದ್ದ ಗರಾಜು

ಕ್ಯಾನಿಂಗ್ ವೇಲ್‌ನ ನಮ್ಮ ಪಕ್ಕದ ಮನೆಯವರು ಬೈಕಿನ ಚೈನಿಗೆ ಎಣ್ಣೆ ಸ್ಪ್ರೇ ಮಾಡಿದಾಗಲೆಲ್ಲ ಅದರ ವಾಸನೆ ಬೇಲಿ ದಾಟಿ ಬರುತ್ತದೆ. ನಾನು ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ನಿಂತುಬಿಡುತ್ತೇನೆ. ಪರ್ತ್‌ನಲ್ಲಿದ್ದೇನೆ ಎನ್ನುವುದೇ ಮರೆತುಹೋಗಿ, ಅಡಿಲೇಡಿನ ಮಾಡ್ಬರಿಯ ಹಳೆಯ ಮನೆಯ ಗರಾಜಿನಲ್ಲಿ ಮತ್ತೆ ಹದಿಮೂರರ ಹುಡುಗಿಯಾಗುತ್ತೇನೆ. ಆ ಮನೆ ಈಗಿಲ್ಲ, ಕೆಡವಿ ಮೂರು ಪುಟ್ಟ ಮನೆ ಕಟ್ಟಿದ್ದಾರೆ.

ಅಪ್ಪ ಡಾಕ್ಟರು. ನಾನು ಹುಟ್ಟುವ ಮೊದಲು ಇಂಗ್ಲೆಂಡಿನಲ್ಲಿದ್ದವರು, ಚಳಿಗಾಲಕ್ಕೆ ಬೈಕನ್ನು ಮಲಗಿಸುವ ಅಭ್ಯಾಸವನ್ನು ಅಲ್ಲಿಂದಲೇ ಹತ್ತಿಸಿಕೊಂಡು ಬಂದಿದ್ದರು. ಆಸ್ಟ್ರೇಲಿಯಾದಲ್ಲಿ ಚಳಿ ಶುರುವಾಗುವ ಜೂನ್ ಬಂತೆಂದರೆ ಟ್ಯಾಂಕ್ ಭರ್ತಿ ಪೆಟ್ರೋಲು ಹಾಕಿಸಿ, ಅದು ಕೆಡದ ಹಾಗೆ ಒಂದು ಔಷಧ ಬೆರೆಸಿ, ಎಂಜಿನ್ ಆಯಿಲ್ ಬದಲಿಸಿ, ಚಕ್ರ ನೆಲಕ್ಕೆ ತಾಗದಂತೆ ಸ್ಟ್ಯಾಂಡಿಗೇರಿಸಿ, ಕೊನೆಗೆ ಬ್ಯಾಟರಿ ಇಳಿದುಹೋಗದಂತೆ ಅದಕ್ಕೆ ಪುಟ್ಟ ಚಾರ್ಜರು ಸಿಕ್ಕಿಸುತ್ತಿದ್ದರು. "ಇಲ್ಲೇನ್ರೀ ಹಿಮ ಬೀಳತ್ತಾ? ಎದುರುಮನೆಯೋರು ದಿನಾ ಓಡಿಸ್ತಾರೆ," ಎಂದು ಅಮ್ಮ ಛೇಡಿಸುತ್ತಿದ್ದಳು. ಅಪ್ಪ ಕೇಳಿಸದವರಂತೆ, ಪೇಷೆಂಟಿಗೆ ಹೊದಿಸುವ ಹಾಗೆ, ಅವಳದೇ ಹಳೆಯ ಕಾಟನ್ ಸೀರೆಯನ್ನು ಬೈಕಿಗೆ ಹೊದಿಸುತ್ತಿದ್ದರು. ಅದು ಏಳುವುದು ಆಯುಧಪೂಜೆಯ ದಿನವೇ. ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಹೂವು, ಹಿಂದಿನ ಸೀಟಿನಲ್ಲಿ ನಾನು. ನಮ್ಮಿಬ್ಬರಿಗೂ ಅಷ್ಟು ಖುಷಿಯ ದಿನ ವರ್ಷದಲ್ಲಿ ಬೇರೆ ಇರಲಿಲ್ಲ.

ನನಗೆ ಹದಿಮೂರಾಗಿದ್ದ ಆ ವರ್ಷ ಅಪ್ಪನಿಗೆ ಅದೂ ಇದೂ ಮರೆತುಹೋಗಲು ಶುರುವಾಗಿತ್ತು. ಅಮ್ಮನಿಗೆ ಒಳಗೊಳಗೇ ದಿಗಿಲು. ಜುಲೈನ ಒಂದು ಮಧ್ಯಾಹ್ನ ಗರಾಜಿನಲ್ಲಿ ಕೂತು ಸ್ಕೂಲಿನ ಪೋಸ್ಟರಿಗೆ ಬಣ್ಣ ಹಚ್ಚುತ್ತಿದ್ದ ನನಗೆ ಚಳಿಯಾಯಿತು. ಗೋಡೆಯಲ್ಲಿದ್ದದ್ದು ಒಂದೇ ಪಾಯಿಂಟು. ಚಾರ್ಜರಿನ ಪ್ಲಗ್ ಕಿತ್ತು ಹೀಟರ್ ಹಾಕಿಕೊಂಡೆ. ಮತ್ತೆ ಸಿಕ್ಕಿಸಲಿಲ್ಲ.

ಆಯುಧಪೂಜೆಯ ದಿನ ಬೈಕ್ ಕೆಮ್ಮಲೂ ಇಲ್ಲ. ಅಪ್ಪ ಬಗ್ಗಿ ನೋಡಿದರೆ ಪ್ಲಗ್ ನೆಲದ ಮೇಲೆ ಬಿದ್ದಿತ್ತು. "ನಾನು ಹಾಕಿದ್ನಲ್ವಾ ಪುಟ್ಟಿ? ನೀನೂ ಇದ್ಯಲ್ಲ?" ಎಂದು ನನ್ನನ್ನೇ ಕೇಳಿದರು.

"ಐ ಡೋಂಟ್ ನೋ, ಅಪ್ಪ."

ಅವರು ಸ್ವಲ್ಪ ಹೊತ್ತು ಹಣೆ ಉಜ್ಜಿಕೊಂಡರು. "ಹಾಗಾದ್ರೆ ಮರೆತ್ಬಿಟ್ಟಿರ್ತೀನಿ," ಎಂದು ಕೀಲಿಯನ್ನು ತಾವಾಗಿಯೇ ಅಮ್ಮನ ಕೈಗಿಟ್ಟರು. ಮತ್ತೆಂದೂ ಬೈಕ್ ಹತ್ತಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಕೆಲಸವನ್ನೂ ಬಿಟ್ಟರು.

ಅವರ ಮರೆವು ಸುಳ್ಳಲ್ಲ, ಮುಂದೆ ಎಲ್ಲರಿಗೂ ಕಂಡಿತು. ಆದರೆ ಆ ಪ್ಲಗ್ಗನ್ನು ಅವರು ಮರೆತಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ತಮ್ಮ ಮೇಲೆ ತಮಗಿದ್ದ ನಂಬಿಕೆ ಇನ್ನೊಂದೆರಡು ವರ್ಷ ಉಳಿಯುತ್ತಿತ್ತೇನೋ. ಅಥವಾ ದಾರಿ ಮರೆತು, ಎಲ್ಲೋ ಲಾರಿಯ ಅಡಿಗೆ ಸಿಗುತ್ತಿದ್ದರೇನೋ. ಅವರನ್ನು ನಾನು ಉಳಿಸಿದೆನೋ ಮುಳುಗಿಸಿದೆನೋ, ಇವತ್ತಿಗೂ ಗೊತ್ತಿಲ್ಲ. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅಪ್ಪನ ಕೊನೆಯ ವರ್ಷ, ಅವರಿದ್ದ ಆರೈಕೆಮನೆಗೆ ಹೋಗಿ, ಹಾಸಿಗೆಯ ಪಕ್ಕ ಕೂತು ಹೇಳಿಯೇಬಿಟ್ಟೆ. "ಅಪ್ಪಾ, ಆವತ್ತು ಚಾರ್ಜರ್ ಕಿತ್ತಿದ್ದು ನಾನು. ನೀವು ಮರೆತಿರ್ಲಿಲ್ಲ."

ಅವರು ಪೇಷೆಂಟುಗಳ ಮಾತು ಕೇಳುತ್ತಿದ್ದ ಹಾಗೆಯೇ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈ ತಟ್ಟಿದರು.

"ಇದನ್ನ ನಿಮ್ಮಪ್ಪನಿಗೆ ಹೇಳ್ಬಿಡಮ್ಮ," ಎಂದರು. "ಅವರೇನೂ ಬೈಯೋದಿಲ್ಲ."

ಹೂಂ, ಹೇಳುತ್ತೇನೆ ಎಂದೆ.