ಶೇಂಗಾ, ಅಲರ್ಜಿ

ಗೆಳತಿಯರೇ, ನಮ್ಮ ಶೇಂಗಾನ ತುರಿಕೆಯ ಕಾರಣ ಇವತ್ತು ಕೈಗೆ ಸಿಕ್ಕಿತು. ಶೇಂಗಾ ಅಂದರೆ ನಮ್ಮ ಒಂದು ವರ್ಷದ ನಾಯಿ, ಶೇಂಗಾಕಾಳಿನಂಥ ಮೈಬಣ್ಣ ನೋಡಿ ಇಟ್ಟ ಹೆಸರು. ಮುಂಬೈ ಮಲಾಡ್‌ನ ನಾಯಿ ಡಾಕ್ಟರು ಅಲರ್ಜಿ ಇದೆ, ಚಿಕನ್ ಬಿಡಿಸಿ ಅಂದಿದ್ದರು, ಬಿಡಿಸಿದ್ದೆ. ಆದರೂ ಮೂರು ವಾರದಿಂದ ಹೊಟ್ಟೆ ಕೆಂಪಗಾಗುವಷ್ಟು ಕೆರೆದುಕೊಳ್ಳುತ್ತಿದ್ದ. ನಾನು ಹೆದರಿ ಫಿನೈಲ್ ಬದಲಿಸಿದೆ, ಅವನ ಚಾದರ ಕುದಿಸಿದೆ, ದೇವರ ಮುಂದಿನ ಅಗರಬತ್ತಿಯನ್ನೂ ನಿಲ್ಲಿಸಿದೆ.

ಇವತ್ತು ಕೆಲಸದಿಂದ ಬೇಗ ಬಂದರೆ, ಹಗಲು ಅವನನ್ನು ನೋಡಿಕೊಳ್ಳುವ ಪಕ್ಕದ ಖೋಲಿಯ ಹಿರಿಯಮ್ಮ, ನಾವು ಮಾವಶಿ ಅನ್ನುವವರು, ಕೋಳಿ ತುಂಡು ತಿನ್ನಿಸುತ್ತಿದ್ದಾರೆ!

"ಮಾವಶಿ, ಅವಂಗ ಅಲರ್ಜಿ ಐತಿ!"

"ಗೊತ್ತೈತೆವಾ. ಫ್ರಿಜ್ಜಿಗೆ ದವಾಖಾನಿ ಚೀಟಿ ಹಚ್ಚೀಯಲ್ಲ, 'ಶೇಂಗಾ, ಅಲರ್ಜಿ' ಅಂತ. ಅವತ್ತಿಂದ ಒಂದ ಶೇಂಗಾಕಾಳು ತೋರಿಸಿಲ್ಲ. ನಿನ್ನ ಚಟ್ನಿಪುಡಿ ಡಬ್ಬೀನೂ ಮ್ಯಾಲೆ ಇಟ್ಟೀನಿ."

"ಅದು ಅವನ ಹೆಸರು, ಮಾವಶಿ!"

"ಮತ್ತ ಕೋಳಿ ಅಂತ ಎಲ್ಲಿ ಬರದೈತಿ, ತೋರಿಸು?"

ನಿಜ, ಎಲ್ಲೂ ಬರೆದಿರಲಿಲ್ಲ. ಈಗ ಬಾಗಿಲಿಗೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಇನ್ನು ಅವನು ಹುಷಾರಾಗೇ ಆಗುತ್ತಾನೆ. ಮೊದಲೇ ಅವನಿಗೆ ಚಿಕನ್ ಅಂತ ಹೆಸರಿಟ್ಟಿದ್ದರೆ ಇಷ್ಟು ಕೆರೆದುಕೊಳ್ಳುವುದು ತಪ್ಪುತ್ತಿತ್ತು.